ಕೊನೆಯ ಚರಣದ ಪಲ್ಲವಿ

“ಪಢ್ನಾ ನಕ್ಕೋ, ಮಾರ್ನಾ.”

ಕೆಲಸಕ್ಕೆ ಸೇರಿದ ದಿನ ನಮ್ಮ ಸೂಪರ್‌ವೈಸರ್ ಸಾಬರು ನನಗೆ ಮಾಡಿದ ಉಪದೇಶ ಇಷ್ಟೇ. ಓದಬೇಡ, ಹೊಡಿ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಓದುವುದೊಂದನ್ನು ಬಿಟ್ಟು ಬೇರೇನೂ ಕಲಿಯದೆ ಹೈದರಾಬಾದಿಗೆ ಬಂದಿದ್ದ ನನಗೆ ಓದಬೇಡ ಎಂದು ಹೇಳಿದ ಮೊದಲ ಮನುಷ್ಯ ಅವರು. ಮೈಯೆಲ್ಲ ಉರಿಯಿತು. ಆದರೆ ಲೆಕ್ಚರರ್ ಕೆಲಸ ಎಲ್ಲೂ ಸಿಕ್ಕಿರಲಿಲ್ಲ, ಮಿಯಾಪುರದ ಅಕ್ಕನ ಮನೆಯಲ್ಲಿ ಬಿಟ್ಟಿ ಕೂಳು ತಿನ್ನುತ್ತಿದ್ದೇನೆ ಎಂಬ ಸಂಕಟ ಬೇರೆ. ತಲೆಯಾಡಿಸಿ ಕೀಬೋರ್ಡಿನ ಮುಂದೆ ಕೂತೆ.

ಬಾಲಾನಗರದಲ್ಲಿ ನಮ್ಮ ಆಫೀಸು. ಕೆಳಗೆ ಲೇತ್ ಮಷೀನುಗಳ ವರ್ಕ್‌ಶಾಪು, ಮೇಲೆ ನಾವು. ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಕೊರೆಯುವ ಸದ್ದು ನೆಲದಿಂದ ಅಂಗಾಲಿಗೆ ಬರುತ್ತಿತ್ತು. ಊರಿಗೆ ಊರೇ ಸಾಫ್ಟ್‌ವೇರ್ ಜಪ ಮಾಡುತ್ತಿದ್ದ ವರ್ಷಗಳು ಅವು. ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಯಾವ ಬಾಗಿಲು ತಟ್ಟಿದರೂ ಒಬ್ಬ ಪ್ರೋಗ್ರಾಮರ್ ಹೊರಗೆ ಬರುತ್ತಿದ್ದ. ಲಿಫ್ಟಿನಲ್ಲಿ ಸಿಕ್ಕ ಆಂಟಿಯರು “ನೀದಿ ಏ ಕಂಪೆನೀ ಅಮ್ಮಾ?”, ನಿನ್ನದು ಯಾವ ಕಂಪೆನಿ ಎಂದು ತೆಲುಗಿನಲ್ಲಿ ಕೇಳಿದರೆ “ಕಂಪ್ಯೂಟರ್ ಕೆಲಸ” ಎಂದು ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಸುಳ್ಳೇನಲ್ಲ. ಹೊರದೇಶದ ಲೈಬ್ರರಿಗಳು ತಮ್ಮ ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದವು. ಅವುಗಳನ್ನು ನೋಡಿಕೊಂಡು ಅಕ್ಷರ ಬಿಡದೆ ಟೈಪ್ ಮಾಡುವುದು ನಮ್ಮ ಕೆಲಸ.

ಅದಕ್ಕೊಂದು ಕಟ್ಟುಪಾಡು ಇತ್ತು. ಒಂದೇ ಪುಟವನ್ನು ಇಬ್ಬರು ಟೈಪ್ ಮಾಡಬೇಕು. ಇಬ್ಬರೂ ಬೇರೆ ಬೇರೆ ಹಾಲಿನಲ್ಲಿ ಕೂರಬೇಕು. ತನ್ನ ಜೋಡಿ ಯಾರೆಂದು ಒಬ್ಬರಿಗೂ ಗೊತ್ತಿರಬಾರದು. ಆಮೇಲೆ ಕಂಪ್ಯೂಟರು ಎರಡನ್ನೂ ಹೋಲಿಸಿ ನೋಡುತ್ತಿತ್ತು. ಎರಡೂ ಎಲ್ಲಿ ಬೇರೆಯಾಗಿವೆಯೋ ಅಲ್ಲಿ ಯಾರೋ ಒಬ್ಬರು ತಪ್ಪಿದ್ದಾರೆ. ಎಲ್ಲಿ ಒಂದೇ ಆಗಿವೆಯೋ ಅಲ್ಲಿ ಸರಿ ಇದೆ. ಮನುಷ್ಯರು ತಪ್ಪು ಮಾಡುತ್ತಾರೆ, ಆದರೆ ಇಬ್ಬರು ಮನುಷ್ಯರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಇಡೀ ಆಫೀಸು ನಿಂತಿತ್ತು. ಓದುತ್ತ ಟೈಪ್ ಮಾಡಿದರೆ ಅರ್ಥ ಮುಂದೆ ಓಡುತ್ತದೆ, ಕೈಯೂ ಅದರ ಹಿಂದೆ ಓಡಿ ಪುಟದಲ್ಲಿ ಇಲ್ಲದ್ದನ್ನು ಹೊಡೆದುಬಿಡುತ್ತದೆ. ಸಾಬರು ಓದಬೇಡ ಅನ್ನುತ್ತಿದ್ದದ್ದು ಅದಕ್ಕೆ.

ಮೊದಮೊದಲು ಅವರ ಮಾತು ಪಾಲಿಸಿದೆ. ರೈಲ್ವೆ ವರದಿಗಳು, ಬಂದರಿನ ಕಾಯಿದೆಗಳು, ಕುದುರೆಗಳಿಗೆ ಬರುವ ರೋಗಗಳು. ಇವನ್ನು ಓದಬೇಡ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಆ ಕವಿ ಬಂದ.

ಅವನ ಹೆಸರು ಹೇಳುವುದಿಲ್ಲ. ಈ ಬರಹದಲ್ಲಿ ಯಾರ ಹೆಸರನ್ನೂ ಹೇಳುತ್ತಿಲ್ಲ, ಅವನೊಬ್ಬನಿಗೆ ಯಾಕೆ ವಿನಾಯಿತಿ. ರೊಮ್ಯಾಂಟಿಕ್ ಕಾಲದ ಇಂಗ್ಲಿಷ್ ಕವಿ, ಬೇರೆಯವರ ಕಣ್ಣಿಗೆ ಕಾಣದ್ದನ್ನೆಲ್ಲ ಕಂಡೆ ಎಂದು ಬರೆದು ಬೀದಿಯವರಿಂದ ಹುಚ್ಚ ಅನ್ನಿಸಿಕೊಂಡವನು. ನಮ್ಮ ಸಿಲಬಸ್ಸಿನಲ್ಲಿ ಅವನಿಗೆ ಜಾಗ ಇರಲಿಲ್ಲ. ಪದ್ಯ, ಕಾಗದ, ಚೂರುಪಾರು ಟಿಪ್ಪಣಿ ಎಲ್ಲ ಸೇರಿ ದಪ್ಪ ದಪ್ಪ ಸಂಪುಟಗಳು. ಸಂತೋಷ ಹೇಳಿ ಕಳಿಸಿ ಬರುವ ನೆಂಟನಲ್ಲ, ಮನೆ ಗುಡಿಸಿಲ್ಲವಲ್ಲ ಎಂದು ನಾಚಿಕೊಂಡು ಅವನನ್ನು ಹೊಸ್ತಿಲಾಚೆ ನಿಲ್ಲಿಸಬೇಡ ಎಂದು ಕಾಗದವೊಂದರಲ್ಲಿ ತಂಗಿಗೆ ಬುದ್ಧಿ ಹೇಳಿದ್ದ. ದೇವರು ಚರ್ಚಿನ ಒಳಗಿಲ್ಲ, ಒಳಗಿನ ಭಾಷಣ ಯಾವಾಗ ಮುಗಿಯುತ್ತದೋ ಎಂದು ಹೊರಗೆ ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದಾನೆ ಎಂದು ಇನ್ನೊಂದು ಕಡೆ ಬರೆದಿದ್ದ. ನಿಜವಾದ ಮಾತು ಆಡಿದ ಮೇಲೆ ಮನುಷ್ಯನಿಗೆ ಚೆನ್ನಾಗಿ ಹಸಿವಾಗುತ್ತದೆ, ಹಸಿವಾಗದಿದ್ದರೆ ಇನ್ನೂ ಏನನ್ನೋ ಮುಚ್ಚಿಟ್ಟಿದ್ದಾನೆ ಎಂದು ತಿಳಿಯಬೇಕು ಎಂದು ಮತ್ತೊಂದು ಕಡೆ. ಇದನ್ನು ಓದದೆ ಹೊಡೆಯುವುದು ಹೇಗೆ? ನಗು ತಡೆಯಲಾಗದೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಿದ್ದೆ. ನನ್ನ ಸ್ಪೀಡು ಬಿದ್ದುಹೋಯಿತು, ಸಾಬರು ಹಿಂದೆ ಬಂದು ನಿಂತು ಕೆಮ್ಮತೊಡಗಿದರು.

ಒಂದು ದಿನ ಒಂದು ಪದ್ಯ ಬಂತು. ಸಂಜೆಯ ಹೊತ್ತು ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದಾನೆ. ದೀಪದ ಬತ್ತಿ ಸರಿಮಾಡುತ್ತಾನೆ, ನೆಲ ಗುಡಿಸುತ್ತಾನೆ, ಮೇಜಿನ ಮೇಲೆ ರೊಟ್ಟಿ ತಂದಿಡುತ್ತಾನೆ. ಯಾರೋ ಬರುವವರಿದ್ದಾರೆ. ಸಂತೋಷವೋ, ದೇವರೋ, ಬೇಕಾದವರೋ, ಅವನು ಬಿಡಿಸಿ ಹೇಳಿಲ್ಲ. ಪ್ರತಿ ಚರಣದ ಕೊನೆಗೂ ಒಂದೇ ಸಾಲು. ನನಗೆ ಬಂದ ಕನ್ನಡದಲ್ಲಿ ಅದು ಹೀಗೆ: ಬಾಗಿಲು ತೆರೆದಿರಲಿ, ಬರುವವರು ಇನ್ನೂ ದಾರಿಯಲ್ಲಿದ್ದಾರೆ.

ಆ ಪುಟ ಮುಗಿಸಿ ಮುಂದಿನದಕ್ಕೆ ಹೋದೆ. ಕೆಲವು ವಾರ ಕಳೆದ ಮೇಲೆ ಸಾಬರು ತಮ್ಮ ಕ್ಯಾಬಿನ್ನಿಗೆ ಕರೆಸಿದರು. ಅಲ್ಲಿ ಆಗಲೇ ಒಬ್ಬ ಹುಡುಗ ನಿಂತಿದ್ದ. ನನ್ನದೇ ವಯಸ್ಸು, ಸಣಕಲು ಮೈ, ತೋಳು ಮಡಿಚಿದ ಚೌಕಳಿ ಅಂಗಿ, ಜೇಬಿನಲ್ಲಿ ಬಾಚಣಿಗೆ. ಬೈಸಿಕೊಳ್ಳಲು ಬಂದವನ ಮುಖದಲ್ಲಿ ಇರಬೇಕಾದ ಭಯ ಇರಲಿಲ್ಲ. ಸಾಬರು ಆ ಪದ್ಯದ ಪುಟ ತೋರಿಸಿದರು. ಕೊನೆಯ ಚರಣದ ಕೆಳಗೆ ಆ ಪಲ್ಲವಿಯ ಸಾಲಿಗೆ ಕೆಂಪು ಗೆರೆ. ಮೂಲ ಪುಸ್ತಕದಲ್ಲಿ ಆ ಜಾಗ ಖಾಲಿ ಇತ್ತು. ಉಳಿದ ಚರಣಗಳಿಗೆಲ್ಲ ಪಲ್ಲವಿ ಕೊಟ್ಟ ಕವಿ ಕೊನೆಯ ಚರಣಕ್ಕೆ ಮಾತ್ರ ಕೊಟ್ಟಿರಲಿಲ್ಲ. ಈ ಸಾಲು ಎಲ್ಲಿಂದ ಬಂತು ಎಂದು ಲೈಬ್ರರಿಯವರು ಕೇಳಿದ್ದರು.

“ದೋನೋ ಮಿಲ್ಕೆ ಮಾರೇ ಕ್ಯಾ?” ಸಾಬರು ನಮ್ಮಿಬ್ಬರನ್ನೂ ನೋಡಿದರು. ಇಬ್ಬರೂ ಸೇರಿಕೊಂಡು ಹೊಡೆದಿರಾ ಎಂದು. ಈ ಹುಡುಗನೇ ನನ್ನ ಜೋಡಿ ಎಂದು ನನಗೆ ಗೊತ್ತಾದದ್ದು ಆಗ. ಅದುವರೆಗೆ ನಾನು ಅವನನ್ನು ನೋಡಿಯೇ ಇರಲಿಲ್ಲ. ಅವನು ಗೋಡೆಯ ಆಚೆ, ನಾನು ಈಚೆ, ಇಬ್ಬರೂ ಇಲ್ಲದ ಸಾಲೊಂದನ್ನು ಇದೆ ಅಂದುಕೊಂಡು ಹೊಡೆದಿದ್ದೆವು.

ಅವನು ಆ ಹಾಳೆಯನ್ನು ಮತ್ತೆ ಮತ್ತೆ ನೋಡಿ ತನ್ನಷ್ಟಕ್ಕೆ ಗೊಣಗಿದ. “ಪಲ್ಲವಿ ಬಿಟ್ಟು ಯಾರರ ಹಾಡು ಮುಗಸ್ತಾರೇನು?”

ಕನ್ನಡ! ನಾನು ಅದು ಸಾಬರ ಕ್ಯಾಬಿನ್ ಎಂಬುದನ್ನೂ ಮರೆತು “ಅಯ್ಯೋ, ನೀವು ಕನ್ನಡದವರಾ?” ಎಂದೆ.

“ಹೌದ್ರಿ, ರಾಯಚೂರ ಕಡ್ಯಾಂವ. ನೀವು ಮೈಸೂರವ್ರೇನ್ರಿ? ಅಯ್ಯೋ ಅಂದಿದ್ರಾಗ ಗೊತ್ತಾತು.”

ಸಾಬರಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಇಬ್ಬರೂ ಒಂದೇ ಭಾಷೆಯವರು, ಅಂದರೆ ಒಳಸಂಚು ಖಚಿತ. ನಾನು ವಿವರಿಸಲು ನೋಡಿದೆ. ನಮ್ಮಮ್ಮ ದೇವರನಾಮ ಹೇಳಿಕೊಡುವಾಗ ಚರಣ ಮುಗಿದ ಮೇಲೆ ಪಲ್ಲವಿಗೆ ಮರಳದಿದ್ದರೆ ತೊಡೆಗೆ ಚಟೀರನೆ ಬೀಳುತ್ತಿತ್ತು. ಚರಣ ಮುಗಿಯಿತೆಂದರೆ ನನ್ನ ಕೈ ತಾನಾಗಿಯೇ ಪಲ್ಲವಿಗೆ ಹೋಗಿದೆ, ನನ್ನನ್ನು ಕೇಳಿಲ್ಲ. ಅವನ ಕತೆಯೂ ಅದೇ. ಅವನ ಅಪ್ಪ ತತ್ವಪದ ಹಾಡುವವರು, ಅವನು ನಡೆಯಲು ಕಲಿಯುವ ಮೊದಲೇ ತಾಳ ಹಿಡಿದವನು. ಇಷ್ಟು ಹೇಳಿ ಸುಮ್ಮನಿರದೆ ಅಲ್ಲೇ ಮೇಜು ಬಡಿದು ಒಂದು ಪದ ಶುರುಮಾಡಿಬಿಟ್ಟ. ನಾನು ಹೆದರಿ ಬಾಗಿಲ ಕಡೆ ನೋಡಿದೆ. ಸಾಬರು ಕನ್ನಡಕ ತೆಗೆದಿಟ್ಟು ಕೇಳಿದರು. ಅವರು ಗಜಲ್ ಹುಚ್ಚಿನವರು ಎಂದು ಆಮೇಲೆ ತಿಳಿಯಿತು. “ಸಹೀ ಬಾತ್. ಗಜಲ್ ಮೇಂ ಭೀ ಆಖ್ರಿ ಶೇರ್ ತಕ್ ರದೀಫ್ ಆತಾಚ್ ಹೈ,” ಎಂದು ನಿಟ್ಟುಸಿರು ಬಿಟ್ಟರು. ಗಜಲಿನಲ್ಲೂ ಮರಳಿ ಬರುವ ಮಾತು ಕೊನೆಯ ದ್ವಿಪದಿಯವರೆಗೂ ಬಂದೇ ಬರುತ್ತದಂತೆ.

ಬೈಗುಳ ತಪ್ಪಿತು. ಶಿಕ್ಷೆ ತಪ್ಪಲಿಲ್ಲ. ಒಂದೇ ಥರ ತಪ್ಪು ಮಾಡುವ ಇಬ್ಬರನ್ನು ಒಂದೇ ಪುಸ್ತಕಕ್ಕೆ ಕೂರಿಸಿದರೆ ಆಫೀಸಿನ ಬುಡವೇ ಅಲ್ಲಾಡುತ್ತದೆ. ಕವಿ ನನ್ನ ಪಾಲಿಗೆ ಉಳಿದ, ಆ ಹುಡುಗನಿಗೆ ಗೊಬ್ಬರದ ಮೇಲಿನ ಪುಸ್ತಕವೊಂದು ಬಂತು. ಹೊರಗೆ ಬಂದ ಕೂಡಲೇ ಅವನು ಜಗಳಕ್ಕೆ ನಿಂತ.

“ನನ್ನ ಕವೀನ ಕಸಗೊಂಡ್ರಿ ನೀವು.”

“ನಾನೇನು ಮಾಡ್ಲಿ? ಸಾಬರನ್ನ ಕೇಳಿ.”

“ಅದೆಲ್ಲಾ ಬ್ಯಾಡ. ದಿನಾ ಚಾ ಕುಡಿಯೂ ಮುಂದ ಅಂವ ಏನಂದ ಅಂತ ನನಗ ಹೇಳಬೇಕು. ಇಲ್ಲಂದ್ರ ನಾ ಸಾಬಗ ನೀವು ಓದಾಕತ್ತೀರಿ ಅಂತ ಹೇಳತೀನಿ.”

ಹೀಗೆ ಶುರುವಾಯಿತು. ವರ್ಕ್‌ಶಾಪಿನ ಪಕ್ಕದ ಇರಾನಿ ಹೋಟೆಲಿನಲ್ಲಿ ಮಧ್ಯಾಹ್ನದ ಚಹಾ ಹೊತ್ತಿಗೆ ಅವನು ಬಿಸ್ಕತ್ತು ಅದ್ದುತ್ತ “ಇವತ್ತ ಏನಂದ ಕವಿ?” ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಕವಿಯ ಇಂಗ್ಲಿಷು ನನ್ನ ಬಾಯಲ್ಲಿ ಮೈಸೂರು ಕನ್ನಡವಾಗಿ ಹೊರಬರುತ್ತಿತ್ತು, ಅವನ ಬಾಯಿಗೆ ಹೋಗಿ ರಾಯಚೂರಿನ ತತ್ವಪದವಾಗುತ್ತಿತ್ತು. ದೇವರು ಮೆಟ್ಟಿಲ ಮೇಲೆ ಕೂತ ಮಾತು ಕೇಳಿ ಅವನು ಬಿದ್ದು ಬಿದ್ದು ನಕ್ಕು, ಸಂಜೆ ಬಸ್ಸಿನಲ್ಲಿ ಅದಕ್ಕೊಂದು ಮಟ್ಟು ಹಾಕಿ ಗುನುಗಿದ. ಕಂಡಕ್ಟರು ಯಾವ ಸಿನಿಮಾದ್ದು ಎಂದು ತೆಲುಗಿನಲ್ಲಿ ಕೇಳಿದ. ಅವನು ಮುಖ ಗಂಟು ಹಾಕಿಕೊಂಡು, ಇನ್ನೂ ರಿಲೀಸ್ ಆಗಿಲ್ಲ ಎಂದ.

ಅವನ ಬಾಯಲ್ಲಿ ನನಗೆ ಹೆಸರೇ ಇರಲಿಲ್ಲ, “ಮೈಸೂರವ್ರ” ಅಷ್ಟೇ. ನಾನು ಎದುರಿಗೆ ನೀವು ಅನ್ನುತ್ತಿದ್ದೆ. ಮನಸ್ಸಿನಲ್ಲಿ ಯಾವತ್ತು ಅವನು ಏಕವಚನಕ್ಕೆ ಇಳಿದನೋ ಗೊತ್ತಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮಗೆ ಹೊಂದಲಿಲ್ಲ. ಕವಿ ಕೊನೆಯ ಪಲ್ಲವಿಯನ್ನು ಯಾಕೆ ಬಿಟ್ಟ?

“ಬಂತಲ್ರಿ, ಅದಕ್ಕ,” ಅನ್ನುತ್ತಿದ್ದ ಅವನು. “ಬರೂದು ಬಂದ ಮ್ಯಾಲ ಬಾಗಲಾ ತೆರದಿರಲಿ ಅಂತ ಯಾಕ ಹೇಳಬೇಕು? ಒಳಗ ಬಂದು ಕುಂತೈತಿ. ಕವಿ ರೊಟ್ಟಿ ಬಡಸಾಕತ್ತಾನ. ಹಾಡೂದು ಎಲ್ಲಿ ನೆಪ್ಪ ಇರತೈತಿ?”

“ಬಂದಿದ್ರೆ ಬಂತು ಅಂತ ಬರೀತಿರ್ಲಿಲ್ವಾ? ಕಾದು ಕಾದು ಸಾಕಾಯ್ತು. ಬರಲ್ಲ ಅಂತ ಗೊತ್ತಾಯ್ತು. ಸುಮ್ನಾದ. ಅಷ್ಟೇ.”

“ನೀವು ಭಾಳ ಕೆಟ್ಟೋರ್ ಅದೀರಿ, ಮೈಸೂರವ್ರ.”

“ನಾನು ಓದಿದೀನಿ, ನೀವು ಗೊಬ್ಬರ ಹೊಡೀತಿದೀರಿ.”

ಈ ಜಗಳ ಎಷ್ಟು ಸಲ ಆಡಿದ್ದೇವೋ. ಅವನಿಗೆ ಸಂತೋಷದ ಮೇಲೆ ಅಷ್ಟೊಂದು ಭರವಸೆ ಹೇಗೆ ಎಂದು ನನಗೆ ಕೆಲವೊಮ್ಮೆ ಸಿಟ್ಟೇ ಬರುತ್ತಿತ್ತು. ಅವನ ಅಪ್ಪ ಅಮ್ಮ ಮಿಯಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಬಂದವರು. ಅಪ್ಪ ಸಿಮೆಂಟು ಗೋಡೌನ್ ಕಾಯುತ್ತಿದ್ದರು, ತಗಡಿನ ಶೆಡ್ಡಿನಲ್ಲಿ ಎಲ್ಲರ ವಾಸ. ನಮ್ಮ ಅಕ್ಕನ ಬಾಲ್ಕನಿಯಿಂದ ನೋಡಿದರೆ ಆ ತಗಡುಗಳು ಕಾಣುತ್ತಿದ್ದವು. ಅವನ ಪರಿಚಯ ಆಗುವ ಮೊದಲು ನಾನು ಅವನ್ನು ನೋಡಿದ್ದೇ ಇಲ್ಲ ಎಂದರೂ ನಡೆದೀತು.

ಅಮಾವಾಸ್ಯೆಯ ಸಂಜೆಗಳಲ್ಲಿ ಅಲ್ಲಿ ಭಜನೆ ನಡೆಯುತ್ತಿತ್ತು. ಒಂದು ಸಲ ನನ್ನನ್ನು ಕರೆದುಕೊಂಡು ಹೋದ. ಅಕ್ಕನಿಗೆ ಸಹೋದ್ಯೋಗಿಯ ಮನೆಯಲ್ಲಿ ಪೂಜೆ ಎಂದು ಹೇಳಿ ಹೋದೆ. ಜಲ್ಲಿ ರಾಶಿಯ ಪಕ್ಕ ಚಾಪೆ ಹಾಸಿದ್ದರು. ಅವನ ಅಪ್ಪ ಏಕತಾರಿ ಹಿಡಿದು ನಡುವೆ ಕೂತಿದ್ದರು, ಅವನು ದಮ್ಮಡಿ ಬಾರಿಸುತ್ತಿದ್ದ. ಅವನ ಅವ್ವ ನನ್ನನ್ನು ಹೆಂಗಸರ ನಡುವೆ ಕೂರಿಸಿಕೊಂಡು “ಕುಂದ್ರವಾ, ಭಾಳ ಸೊರಗೀದಿ,” ಎಂದು ಕೈಗೆ ಚುರುಮುರಿ ಕೊಟ್ಟರು. ಅಪ್ಪನ ಹಾಡಿಕೆಯಲ್ಲಿ ಒಂದು ರೂಢಿ ಇತ್ತು. ಪದ ಪೂರ್ತಿ ಹಾಡುತ್ತಿದ್ದರು, ಕೊನೆಯ ನುಡಿ ಮುಗಿದ ಕೂಡಲೇ ಕೈಯೆತ್ತಿ ಕಣ್ಣು ಮುಚ್ಚಿ ಸುಮ್ಮನಾಗಿಬಿಡುತ್ತಿದ್ದರು. ಆಗ ಸುತ್ತ ಕೂತವರೆಲ್ಲ ಪಲ್ಲವಿ ಎತ್ತಿಕೊಳ್ಳುತ್ತಿದ್ದರು. ಅವನು ಅಲ್ಲಿಂದಲೇ ನನಗೆ “ಹೇಳ್ರಿ, ಹೇಳ್ರಿ” ಎಂದು ಹುಬ್ಬು ಹಾರಿಸಿದ. ನಾನು ಹುಮ್ಮಸ್ಸಿನಲ್ಲಿ ಎಲ್ಲರಿಗಿಂತ ಮೊದಲೇ ಬಾಯಿ ಹಾಕಿ ತಾಳ ಕೆಡಿಸಿದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಜೋರಾಗಿ ನಾನು ಜೀವನದಲ್ಲಿ ಮತ್ತೆ ಹಾಡಿಲ್ಲ.

ಇನ್ನೊಂದು ಸಂಜೆ ಸುಲ್ತಾನ್ ಬಜಾರಿಗೆ ಹೋಗಿದ್ದೆವು. ಅಕ್ಕನ ಸೀರೆಗೆ ಫಾಲ್ ತರಬೇಕಿತ್ತು, ಅವನಿಗೆ ಅವ್ವನಿಗೊಂದು ನೂಲಿನ ಸೀರೆ. ಜನ ಜನ ಜನ. ಅಂಗಡಿಯವರು ಕೈ ಹಿಡಿದು ಎಳೆಯುವುದೊಂದು ಬಾಕಿ. ಫಾಲ್ ಬಣ್ಣ ಹೊಂದಲಿಲ್ಲ ಎಂದು ನಾನು ಮೂರನೆಯ ಅಂಗಡಿಯಲ್ಲಿ ರೇಗಾಡುತ್ತಿದ್ದಾಗ ಕರೆಂಟು ಹೋಯಿತು. ಇಡೀ ಗಲ್ಲಿ ಗಪ್ಪನೆ ಸುಮ್ಮನಾಯಿತು. ಯಾರೋ ಮೇಣದ ಬತ್ತಿ ಹಚ್ಚಿದರು, ಆಮೇಲೆ ಇನ್ನೊಬ್ಬರು, ಇನ್ನೊಬ್ಬರು. ರಾಶಿ ರಾಶಿ ಬಟ್ಟೆಗಳ ಬಣ್ಣಗಳು ಒಂದೊಂದಾಗಿ ಮತ್ತೆ ಕಾಣಿಸಿಕೊಂಡವು. ಅವನು ಕೈಯಲ್ಲಿ ಆ ಸೀರೆಯ ಪೊಟ್ಟಣ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದ.

“ಬಂತು ನೋಡ್ರಿ,” ಎಂದ, ಮೆಲ್ಲಗೆ.

“ಎಲ್ಲಿ? ಇನ್ನೂ ಬಂದಿಲ್ಲ.”

“ಕರೆಂಟಲ್ರಿ ಯವ್ವಾ,” ಎಂದು ಹಣೆ ಚಚ್ಚಿಕೊಂಡು ನಕ್ಕ.

ಅವನು ಏನು ಹೇಳುತ್ತಿದ್ದಾನೆಂದು ನನಗೆ ಆಗಲೇ ಗೊತ್ತಿತ್ತು. ಕವಿ ಕಾಯುತ್ತಿದ್ದದ್ದು ನನಗೂ ಬಂದಿತ್ತು. ನನ್ನ ಎದೆಯಲ್ಲಿ ಅದು ಎಷ್ಟು ಜಾಗ ಹಿಡಿದಿತ್ತೆಂದರೆ ಮಾತಾಡಿದರೆ ಅಳು ಬರುತ್ತದೆ ಎಂದು ಹೆದರಿ ಕರೆಂಟಿನ ಮಾತಾಡಿದ್ದೆ. ಈಗಲೂ ಎಲ್ಲಾದರೂ ದೀಪ ಹೋದರೆ ನಾನು ಬೇಗ ಎದ್ದು ಮೇಣದ ಬತ್ತಿ ಹುಡುಕುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಕೂತಿರುತ್ತೇನೆ.

ಕವಿಯ ಕೊನೆಯ ಸಂಪುಟ ನಡೆಯುತ್ತಿದ್ದಾಗ ಅವನು ಒಂದು ಬೆಳಿಗ್ಗೆ ಮಿಯಾಪುರದ ಬಸ್ ಸ್ಟಾಪಿನಲ್ಲಿ ನನಗಾಗಿ ಕಾಯುತ್ತ ನಿಂತಿದ್ದ. ಸಾಮಾನ್ಯವಾಗಿ ಅವನು ಓಡಿ ಬಂದು ಹೊರಟ ಬಸ್ಸಿಗೆ ಜೋತುಬೀಳುವವನು. ಮುಖ ನೋಡಿದ ಕೂಡಲೇ ಏನೋ ಆಗಿದೆ ಅನ್ನಿಸಿತು.

“ಅಪ್ಪ ಅವ್ವ ಹಬ್ಬಕ್ಕ ಊರಿಗೆ ಹೋಗ್ಯಾರ. ನನಗೂ ಬಾ ಅಂತ ಫೋನ್ ಮಾಡ್ಯಾರ. ಸ್ವಾದರಮಾವನ ಮಗಳ ಸಂಗಾಟ ಸಣ್ಣಂದಿರತ ಮಾತಾಗಿತ್ತು. ಈಗ ಗಟ್ಟಿ ಮಾಡತಾರಂತ.”

ಅವನು ಬೇರೆಲ್ಲೋ ನೋಡುತ್ತ ಹೇಳಿದ. ನನ್ನ ಬಸ್ಸು ಬಂತು, ನಿಂತಿತು, ಕಂಡಕ್ಟರು ಬಸ್ಸಿನ ಮೈ ಬಡಿದ, ಹೋಯಿತು. ಜಗಳಗಂಟಿ ಎಂದು ಮನೆಯಲ್ಲಿ ಹೆಸರಾದ ನನಗೆ ಆಗ ಮಾತಿಗೇನೂ ಬರವಾಗಲಿಲ್ಲ. ನೇರವಾಗಿ ಹೇಳಿದೆ.

“ನೀವು ಹೋಗಬೇಡಿ. ನನಗೆ ನೀವು ಬೇಕು.”

ಅವನು ತಿರುಗಿ ನೋಡಿದ. ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು. ಆಮೇಲೆ ಅವನು ಹೊಟ್ಟೆ ಮುಟ್ಟಿಕೊಂಡು “ಮೈಸೂರವ್ರ, ನನಗ ಹಸಿವಾಗಾಕತ್ತೈತಿ,” ಎಂದ.

ನನಗೂ ಆಗಿತ್ತು. ರಸ್ತೆ ಬದಿಯ ಬಂಡಿಯಲ್ಲಿ ನಿಂತು ಇಬ್ಬರೂ ಇಡ್ಲಿ ತಿಂದೆವು. ಮತ್ತೆ ಹಾಕಿಸಿಕೊಂಡೆವು, ಮತ್ತೆ ಹಾಕಿಸಿಕೊಂಡೆವು. ಬಂಡಿಯವಳು ತೆಲುಗಿನಲ್ಲಿ ಏನೋ ತಮಾಷೆ ಮಾಡಿದಳು. ಕವಿ ಸುಳ್ಳು ಹೇಳಿಲ್ಲ ನೋಡ್ರಿ ಎಂದು ಅವನು ಬಾಯಿ ತುಂಬ ಚಟ್ನಿ ಇಟ್ಟುಕೊಂಡು ಹೇಳಿದ. ನನ್ನ ಬದುಕಿನಲ್ಲಿ ಸುಖ ಎಂಬುದಕ್ಕೆ ಒಂದು ರುಚಿ ಇದ್ದರೆ ಅದು ಆ ನೀರು ನೀರಾದ ಶೇಂಗಾ ಚಟ್ನಿಯದು.

“ಊರಿಗೆ ಹೋಗಿ ಅಪ್ಪನ ಮುಂದ ಕುಂತು ಮಾತಾಡಿ ಬರತೀನಿ. ಸೋಮವಾರ ಇದ ಸ್ಟಾಪಿನ್ಯಾಗ ಇರ್ರಿ,” ಎಂದು ಹೋದ.

ಸೋಮವಾರ ನಾನು ಅಲ್ಲಿದ್ದೆ. ಬಂದ ಬಸ್ಸುಗಳನ್ನೆಲ್ಲ ಬಿಟ್ಟೆ. ಬಿಸಿಲೇರಿತು, ಇಡ್ಲಿ ಬಂಡಿಯವಳು ಪಾತ್ರೆ ತೊಳೆದು ಹೊರಟಳು. ನನ್ನನ್ನು ನೋಡಿ ಏನೋ ಕೇಳಲು ಬಂದವಳು ಕೇಳದೆ ಹೋದಳು. ಆ ವಾರದ ಕೊನೆಗೆ ಅಕ್ಕನ ಮನೆಯ ಫೋನು ಹೊಡೆದುಕೊಂಡಿತು. ಎಸ್‌ಟಿಡಿ ಬೂತಿನ ಗದ್ದಲದ ನಡುವೆ ಅವನ ದನಿ.

“ಆಗಲಿಲ್ರಿ.”

ನಾನು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡೆ.

“ಅವ್ವ ಊಟಾ ಬಿಟ್ಟಳು. ಆ ಹುಡಿಗಿ ನಮ್ಮ ಮನ್ಯಾಗ ಬಂದು ಕುಂತೈತ್ರಿ, ಅವ್ವನ ಕಾಲು ಒತ್ತಾಕತ್ತೈತಿ. ಅದರ ತಪ್ಪೇನೈತಿ?”

ಆ ಹುಡುಗಿಯದು ಏನೂ ತಪ್ಪಿರಲಿಲ್ಲ. ಅವನದೂ ಇರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಯಾರಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕ ಅಡುಗೆಮನೆಯಿಂದ ಯಾರೇ ಎಂದು ಕೂಗಿದಳು. ಅವನು ಫೋನು ಇಡಲಿಲ್ಲ. ಕೊನೆಗೆ ಕೇಳಿದ.

“ಇವತ್ತ ಏನಂದ ಕವಿ?”

“ಪುಸ್ತಕ ಮುಗೀತು,” ಎಂದೆ. ನಿಜವಾಗಿಯೂ ಹಿಂದಿನ ದಿನವೇ ಮುಗಿದಿತ್ತು.

ಅವನು ಮತ್ತೆ ಹೈದರಾಬಾದಿಗೆ ಬರಲಿಲ್ಲ. ಅಪಾರ್ಟ್‌ಮೆಂಟು ಮುಗಿದು ತಗಡಿನ ಶೆಡ್ಡುಗಳನ್ನು ಕಿತ್ತರು. ಅವನು ಊರ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ, ಮಕ್ಕಳಿದ್ದಾರೆ ಎಂದು ಆಫೀಸಿನ ಗೆಳತಿಯೊಬ್ಬಳು ಎಂದೋ ಹೇಳಿದಳು. ಪುಟಗಳನ್ನು ಕಂಪ್ಯೂಟರೇ ಓದುವುದನ್ನು ಕಲಿತ ಮೇಲೆ ನಮ್ಮ ಆಫೀಸಿಗೂ ಬೀಗ ಬಿತ್ತು. ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಲು ಸೇರಿದೆ. ಮದುವೆಯಾಗಲಿಲ್ಲ. ಹಾಗೆಂದರೆ ಜನ ದೊಡ್ಡ ಕತೆ ಕಟ್ಟುತ್ತಾರೆ, ಅಂಥದ್ದೇನಿಲ್ಲ. ಬಂದ ಗಂಡುಗಳ ಜೊತೆ ಮಾತಾಡಿದ ಮೇಲೆ ನನಗೆ ಹಸಿವಾಗುತ್ತಿರಲಿಲ್ಲ, ಅಷ್ಟೇ. ಕವಿಯ ವಿಷಯದ ವಾದದಲ್ಲಿ ಕೊನೆಗೆ ಗೆದ್ದವಳು ನಾನೇ ಎಂದುಕೊಂಡಿದ್ದೆ. ಕಾದು ಸಾಕಾಗಿ ಸುಮ್ಮನಾದ. ನನ್ನ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಮುಗಿದಿತ್ತು.

ಹೋದ ವರ್ಷದವರೆಗೆ. ಒಂದು ಮಧ್ಯಾಹ್ನ ಕ್ಲಾಸಿನಲ್ಲಿ ಪಾಠ ಮುಗಿದು ಸಮಯ ಉಳಿದಿತ್ತು. ಹುಡುಗರು ಫೋನು ಹೊರಗೆ ತೆಗೆಯುತ್ತಿದ್ದರು. ಸುಮ್ಮನೆ ಕೂರಿಸಲು ಒಂದು ಪದ್ಯ ಹೇಳುತ್ತೇನೆ ಎಂದೆ. ಯಾಕೋ ಕವಿಯ ಆ ಪದ್ಯವೇ ಬಾಯಿಗೆ ಬಂತು, ಇಂಗ್ಲಿಷಿನಲ್ಲೇ. ನೋಡಿಕೊಳ್ಳಬೇಕಾಗಿಯೂ ಇರಲಿಲ್ಲ, ಬೆರಳುಗಳಿಗೇ ಬಾಯಿಪಾಠವಾಗಿದ್ದ ಪದ್ಯ. ಮೊದಲ ಚರಣಕ್ಕೆ ಯಾರೂ ಕೇಳಲಿಲ್ಲ. ಎರಡನೆಯದಕ್ಕೆ ಕೆಲವರು ತಲೆ ಎತ್ತಿದರು. ಆಮೇಲೆ ಬಾಗಿಲು ತೆರೆದಿರಲಿ ಎಂಬ ಸಾಲು ಬಂದಾಗಲೆಲ್ಲ ಮುಂದಿನ ಬೆಂಚಿನವರು ನನ್ನ ಜೊತೆ ತುಟಿ ಆಡಿಸತೊಡಗಿದರು. ಕೊನೆಯ ಚರಣ ಹೇಳಿದೆ. ಪದ್ಯದಲ್ಲಿ ಗಾಳಿ ನಿಂತಿತು, ದೀಪ ನೆಟ್ಟಗಾಯಿತು. ನಿಲ್ಲಿಸಿದೆ.

ಇಡೀ ಕ್ಲಾಸು ಒಟ್ಟಿಗೆ ಆ ಸಾಲು ಹೇಳಿತು. ತೆಲುಗಿನ ಮಕ್ಕಳು, ಹೈದರಾಬಾದಿನ ಹಳೇ ಊರಿನ ಉರ್ದು ಮಕ್ಕಳು, ಗುಲ್ಬರ್ಗ ಬೀದರಿನಿಂದ ಬಂದ ನಾಕಾರು ಜನ, ಎಲ್ಲರೂ.

“ಇಲ್ಲ, ಪುಸ್ತಕದಲ್ಲಿ ಅಲ್ಲಿ ಆ ಸಾಲು ಇಲ್ಲ,” ಎಂದೆ.

“ಗೊತ್ತು ಮೇಡಂ, ನೀವು ನಿಲ್ಲಿಸಿದ್ರಲ್ಲ,” ಎಂದಳು ಹಿಂದಿನ ಬೆಂಚಿನ ಒಬ್ಬಳು. “ನಮಗೋಸ್ಕರ ಬಿಟ್ರಿ ಅಂದ್ಕೊಂಡ್ವಿ.”

ಬೋರ್ಡಿನ ಕಡೆ ತಿರುಗಿ ಅಳಿಸಿದ್ದನ್ನೇ ಮತ್ತೆ ಅಳಿಸಿದೆ. ಕಣ್ಣ ಮುಂದೆ ಜಲ್ಲಿ ರಾಶಿ, ಚಾಪೆ, ಕೈಯೆತ್ತಿ ಸುಮ್ಮನಾಗುವ ಅವನ ಅಪ್ಪ. ಅಂದೇ ನೋಡಿದ್ದೆ, ಅಂದೇ ಹಾಡಿಯೂ ಇದ್ದೆ. ಹೊಳೆಯಲಿಲ್ಲ. ಹೇಗೆ ಹೊಳೆದೀತು, ಆ ಸಂಜೆ ನಾನು ಪದ ಕೇಳುತ್ತಿರಲಿಲ್ಲ, ದಮ್ಮಡಿ ಬಾರಿಸುವವನನ್ನು ನೋಡುತ್ತಿದ್ದೆ. ಕವಿಗೆ ಬರುವುದು ಬಂದೂ ಇರಲಿಲ್ಲ, ಅವನು ಕಾಯುವುದನ್ನು ಬಿಟ್ಟೂ ಇರಲಿಲ್ಲ. ಎದುರಿಗೆ ಕೂತವರು ಹೇಳಲಿ ಎಂದು ಆ ಸಾಲನ್ನು ಬಿಟ್ಟುಕೊಟ್ಟಿದ್ದ. ಬಾಲಾನಗರದ ಎರಡು ಬೇರೆ ಬೇರೆ ಹಾಲುಗಳಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ನಾವಿಬ್ಬರು ಅದನ್ನು ಹೇಳಿದ್ದೆವು. ಆಫೀಸು ಅದನ್ನು ತಪ್ಪು ಎಂದು ಕೆಂಪು ಗೆರೆ ಎಳೆದು ನಮ್ಮನ್ನು ಬೇರೆ ಮಾಡಿತು.

ಇದನ್ನು ಅವನಿಗೆ ಹೇಳಬೇಕು ಎಂದು ನನಗೆ ಎಷ್ಟು ಅನ್ನಿಸಿತೆಂದರೆ ಮೆಟ್ರೋದಲ್ಲಿ ಮಿಯಾಪುರದವರೆಗೂ ಬಾಗಿಲ ಹತ್ತಿರವೇ ನಿಂತು ಬಂದೆ, ಇಳಿದರೆ ಅವನು ಅಲ್ಲೇ ಇದ್ದಾನೆ ಎಂಬ ಹಾಗೆ. ಆ ಬಸ್ ಸ್ಟಾಪು ಇದ್ದ ಜಾಗದಲ್ಲಿ ಈಗ ಮೆಟ್ರೋದ ಕಂಬ ಇದೆ. ಜನ ನನ್ನನ್ನು ತಳ್ಳಿಕೊಂಡು ಇಳಿದು ಹೋದರು. ನಾವಿಬ್ಬರೂ ಸೋತೆವು ಕಣ್ರೀ ಎಂದರೆ ಅವನು ಎಷ್ಟು ನಗುತ್ತಿದ್ದ. ಊರಿನ ಹೆಸರು ಗೊತ್ತಿದೆ, ಹುಡುಕಿದರೆ ನಂಬರೂ ಸಿಕ್ಕೀತು. ಹುಡುಕುವುದಿಲ್ಲ. ಅವನ ಮನೆಯಲ್ಲಿ ಆ ಹುಡುಗಿ ಇದ್ದಾಳೆ, ಮಕ್ಕಳಿದ್ದಾರೆ, ಅವರ ಊಟ ಅವರು ಮಾಡಲಿ. ಆದರೂ ಅವನು ಬೇಕು ಅನ್ನಿಸುವುದು ನಿಂತಿಲ್ಲ. ವಯಸ್ಸಾದರೆ ನಿಲ್ಲುತ್ತದೆ ಎಂದು ಹೇಳಿದವರೆಲ್ಲ ಸುಳ್ಳು ಹೇಳಿದ್ದಾರೆ.

ಇದು ಅಚ್ಚಾಗುವ ಕನ್ನಡ ಪುಸ್ತಕ ಅವನ ಕಡೆಗೂ ಹೋಗುತ್ತದೆ, ಅವನು ಓದದೆ ಹೊಡೆಯುವವನಲ್ಲ. ಅದಕ್ಕೇ ಆ ಕೊನೆಯ ಚರಣವನ್ನು ಇಲ್ಲಿ ಬರೆಯುತ್ತಿದ್ದೇನೆ, ಚಹಾ ಹೊತ್ತಿಗೆ ಹೇಳುತ್ತಿದ್ದ ಅದೇ ಕನ್ನಡದಲ್ಲಿ. ಗಾಳಿ ನಿಂತಿದೆ. ದೀಪ ಅಲುಗುತ್ತಿಲ್ಲ. ನೆಲ ಗುಡಿಸಿ ಆಯಿತು, ರೊಟ್ಟಿ ಮೇಜಿನ ಮೇಲಿದೆ, ಎರಡು ಕುರ್ಚಿಯಲ್ಲಿ ಒಂದು ಖಾಲಿ ಇದೆ.

ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಮುಂದಿನ ಸಾಲು ನಿಮ್ಮದು, ರಾಯಚೂರವ್ರ.